ಕಟ್ಟಿದ ಟ್ರೇಲಿನಿಂದ ಬಯಲು ಗುಡ್ಡಕ್ಕೆ ಸೈಕಲ್ ಒಯ್ಯುವವರಿಗೆ

ಕಾಡಿನೊಳಗೆ ಮೌಂಟನ್ ಬೈಕ್ ಟ್ರೇಲ್, ಅಂದರೆ ಗುಡ್ಡದ ಸೈಕಲಿಗಾಗಿಯೇ ಮಾಡುವ ಮಣ್ಣಿನ ದಾರಿ, ಕಟ್ಟುವ ಕಡೆ ಒಂದು ದಿನ ಮಣ್ಣಿನ ಕೆಲಸಕ್ಕೆ ಹೋಗಿದ್ದೆ. ಅಷ್ಟು ಹೊತ್ತಿಗೆ ಇಂಥ ಟ್ರೇಲುಗಳಲ್ಲಿ ಎರಡು ವರ್ಷ ಸೈಕಲ್ ಓಡಿಸಿದ್ದೆ. ಗುದ್ದಲಿ ಹಿಡಿದದ್ದು ಮಾತ್ರ ಅವತ್ತೇ ಮೊದಲು. ಮಧ್ಯಾಹ್ನಕ್ಕೆ ಒಂದು ತಿರುವು ತಯಾರಾಯಿತು. ಮಣ್ಣು ಬಡಿದು ಗಟ್ಟಿ ಮಾಡಿದ್ದೆವು, ನೋಡಲು ನುಣ್ಣಗೆ ಚೆನ್ನಾಗಿತ್ತು. ಕೆಲಸ ಮಾಡಿಸುತ್ತಿದ್ದ ಹಿರಿಯರು ಒಂದು ಬಕೆಟ್ ನೀರು ತಂದು ತಿರುವಿನ ಮೇಲ್ತುದಿಯಲ್ಲಿ ಸುರಿದರು. ನೀರು ದಾರಿ ಗುಂಟ ಎರಡು ಮಾರು ಹರಿದು ಒಳಮಗ್ಗುಲಲ್ಲಿ ನಿಂತುಬಿಟ್ಟಿತು. ಅಂಗೈಯಗಲದ ಹೊಂಡ, ಅಷ್ಟೇ.

"ಇದನ್ನ ಹೀಗೇ ಬಿಟ್ರೆ ನಾಲ್ಕು ಜೋರು ಮಳೆ ಸಾಕು, ಇಲ್ಲಿ ಕೊರಕಲು ಬೀಳುತ್ತೆ," ಅಂದರು. ಮತ್ತೆ ಒಂದು ಗಂಟೆ ಕೆರೆದೆವು. ಇನ್ನೊಂದು ಬಕೆಟ್ ಸುರಿದರು. ಈ ಸಲ ನೀರು ದಾರಿಗೆ ಅಡ್ಡವಾಗಿ ಹರಿದು, ಹೊರಗಿನ ಅಂಚು ದಾಟಿ, ಎಲೆಗಳ ಮಧ್ಯೆ ಇಳಿದುಹೋಯಿತು.

ನಾನು ಎರಡು ವರ್ಷ ಸರಾಗವಾಗಿ ಓಡಿಸುತ್ತಿದ್ದ ದಾರಿಯ ಪ್ರತಿ ಮಾರಿನಲ್ಲೂ ಯಾರೋ ಹೀಗೆ ಬಕೆಟ್ ಹಿಡಿದು ಯೋಚಿಸಿದ್ದಾರೆ ಅಂತ ಅವತ್ತು ತಿಳಿಯಿತು. ನೀರು ಎಲ್ಲಿಗೆ ಹೋಗುತ್ತದೆ, ಸೈಕಲಿನ ವೇಗ ಎಲ್ಲಿ ಏರುತ್ತದೆ, ಎಲ್ಲಿ ಇಳಿಯಬೇಕು, ಇದೆಲ್ಲ ನಮಗಿಂತ ಮೊದಲೇ ತೀರ್ಮಾನವಾಗಿದೆ. ಬಯಲು ಗುಡ್ಡದಲ್ಲಿ, ದನಕರು ನಡೆದು, ಜನ ನಡೆದು ತಾನಾಗಿ ಬಿದ್ದ ದಾರಿಯಲ್ಲಿ ಆ ಯೋಚನೆ ಮಾಡಿದವರು ಯಾರೂ ಇಲ್ಲ. ಅದನ್ನು ಓಡಿಸುವವರೇ ಮಾಡಬೇಕು. ಕಟ್ಟಿದ ಟ್ರೇಲಿನಲ್ಲಿ ಕಲಿತು ಈಗ ಬಯಲಿಗೆ ಹೋಗಬೇಕು ಅಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಟ್ರೇಲ್ ಕಟ್ಟಿದವರು ಏನು ಮಾಡಿದ್ದಾರೆ ಅಂತ ಮೊದಲು ಗುರುತಿಸಲು ಕಲಿಯಿರಿ. ಬಯಲಿನಲ್ಲಿ ಅದೇ ಕೆಲಸಕ್ಕೆ ಬರುತ್ತದೆ.

ಮೊದಲು ಒಂದು ಸಲ ನಡೆದು ನೋಡಿ

ನಿಮಗೆ ಚೆನ್ನಾಗಿ ಗೊತ್ತಿರುವ ಟ್ರೇಲನ್ನು ಒಂದು ಸಲ ಸೈಕಲ್ ಇಲ್ಲದೆ ನಡೆದು ಹತ್ತಿ. ಸುಮ್ನೆ ನಡೆಯಬೇಡಿ, ನೆಲ ನೋಡಿ.

ದಾರಿ ಪೂರ್ತಿ ಸಮತಟ್ಟಾಗಿರುವುದಿಲ್ಲ. ಇಳಿಜಾರಿನ ಕಡೆಗೆ ಸ್ವಲ್ಪವೇ ವಾಲಿರುತ್ತದೆ, ಸುಮಾರು 5 ಶೇಕಡಾ. ನೀರು ದಾರಿ ಗುಂಟ ಓಡದೆ ಅಡ್ಡ ಹರಿದು ಹೋಗಲಿ ಅಂತ ಹೀಗೆ. ಟ್ರೇಲ್ ಕಟ್ಟುವವರು ಸಾಮಾನ್ಯವಾಗಿ ಪಾಲಿಸುವ ಲೆಕ್ಕ ಇನ್ನೂ ಎರಡಿವೆ. ದಾರಿಯ ಸರಾಸರಿ ಏರು 10 ಶೇಕಡಾ ಮೀರಬಾರದು. ಗುಡ್ಡದ ಮಗ್ಗುಲು ಎಷ್ಟು ಕಡಿದಾಗಿದೆಯೋ ಅದರ ಅರ್ಧಕ್ಕಿಂತ ದಾರಿ ಕಡಿದಾಗಿರಬಾರದು. ಅಂದರೆ ಮಗ್ಗುಲು ನೂರು ಮೀಟರಿಗೆ 16 ಮೀಟರ್ ಏರಿದರೆ ದಾರಿ 8ಕ್ಕೆ ನಿಲ್ಲಬೇಕು. ಇದು ಮೀರಿದರೆ ನೀರಿಗೆ ದಾರಿಯೇ ಕಾಲುವೆಯಾಗುತ್ತದೆ.

ಇನ್ನೊಂದು ವಿಷಯ ನನಗೆ ತುಂಬ ಇಷ್ಟ. ಉದ್ದ ಇಳಿಜಾರಿನ ಮಧ್ಯೆ ಅಲ್ಲಲ್ಲಿ ದಾರಿ ಸ್ವಲ್ಪ ಇಳಿದು ಮತ್ತೆ ಒಂದು ಗೇಣು, ಎರಡು ಗೇಣು ಏರುತ್ತದಲ್ವಾ? ನಾವು ಅದನ್ನು ಆಟಕ್ಕೆ ಇಟ್ಟ ಉಬ್ಬು ಅಂದುಕೊಳ್ಳುತ್ತೇವೆ. ಅದು ಮೊದಲಿಗೆ ನೀರಿಗಾಗಿ ಇಟ್ಟದ್ದು. ಆ ತಗ್ಗಿಗೆ ಬಂದ ನೀರು ಮುಂದೆ ಏರಲಾಗದೆ ಹೊರಗೆ ಹೋಗುತ್ತದೆ. ಅಲ್ಲಿಯೇ ನಾವು ಸೈಕಲನ್ನು ಒತ್ತಿ, ಎತ್ತಿ, ಪೆಡಲ್ ತುಳಿಯದೆ ವೇಗ ಪಡೆಯುತ್ತೇವೆ. ತಗ್ಗಿಗೆ ಇಳಿಯುವಾಗ ಕೈಕಾಲು ಚಾಚಿ ಒತ್ತುವುದು, ಉಬ್ಬು ಏರುವಾಗ ಮಡಚಿ ಹಗುರಾಗುವುದು. ಪಂಪ್ ಮಾಡುವುದು ಅನ್ನುತ್ತಾರಲ್ಲ, ಅದೇ.

ತಿರುವುಗಳನ್ನು ನೋಡಿ. ಹೊರಗಿನ ಅಂಚಿನಲ್ಲಿ ಮಣ್ಣಿನ ಗೋಡೆ ಎದ್ದಿರುತ್ತದೆ, ಅದು ಬರ್ಮ್. ಕಣ್ಣಿಗೆ ಕಾಣದ ತಿರುವಿಗೆ ಮೊದಲು ದಾರಿ ಸ್ವಲ್ಪ ಏರಿ ವೇಗ ತಾನಾಗಿ ತಗ್ಗುವ ಹಾಗೆ ಮಾಡಿರುತ್ತಾರೆ. ದೊಡ್ಡ ಬಂಡೆ ಇದ್ದರೆ ಅದರ ಪಕ್ಕದಲ್ಲೇ ಒಂದು ಸುಲಭದ ದಾರಿ ಬಿಟ್ಟಿರುತ್ತಾರೆ. ಒಂದು ಕಡೆ ನಿಂತು, "ನಾನು ಇಲ್ಲಿ ಬ್ರೇಕ್ ಹಿಡಿಯುತ್ತೇನಾ? ಯಾಕೆ?" ಅಂತ ಕೇಳಿಕೊಳ್ಳಿ. ಎಷ್ಟೋ ಕಡೆ ಕಾರಣವೇ ಇರುವುದಿಲ್ಲ. ಅಭ್ಯಾಸ, ಅಷ್ಟೇ.

ಬಣ್ಣದ ಫಲಕಗಳ ಬಗ್ಗೆ ಒಂದು ಮಾತು. ಬ್ರಿಟನ್ನಿನಲ್ಲಿ ಹಸಿರು, ನೀಲಿ, ಕೆಂಪು, ಕಪ್ಪು ಅಂತ ಕಷ್ಟ ಏರುತ್ತಾ ಹೋಗುತ್ತದೆ. ಉತ್ತರ ಅಮೆರಿಕದಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ, ಅದರ ಮೇಲೆ ಜೋಡಿ ಕಪ್ಪು ವಜ್ರ. ದಾರಿಯ ಅಗಲ, ನೆಲ, ಏರಿಳಿತ, ಅಡೆತಡೆ ನೋಡಿ ಬಣ್ಣ ಕೊಡುತ್ತಾರೆ. ಒಂದು ಜಾಗದ ನೀಲಿ ಇನ್ನೊಂದು ಜಾಗದ ನೀಲಿಯಷ್ಟೇ ಸುಲಭ ಇರಬೇಕೆಂದೇನೂ ಇಲ್ಲ. ಹೊಸ ಜಾಗಕ್ಕೆ ಹೋದಾಗ ನನ್ನ ಮಟ್ಟಕ್ಕಿಂತ ಒಂದು ಬಣ್ಣ ಕೆಳಗಿನಿಂದಲೇ ಶುರು ಮಾಡುತ್ತೇನೆ.

ಕಟ್ಟಿದ ಟ್ರೇಲನ್ನು ಪಾಠಶಾಲೆಯಂತೆ ಬಳಸುವುದು

ಕಟ್ಟಿದ ಟ್ರೇಲಿನ ದೊಡ್ಡ ಅನುಕೂಲ ಅಂದರೆ ಅದು ಬದಲಾಗುವುದಿಲ್ಲ. ಇವತ್ತು ತಪ್ಪಿದ ತಿರುವು ನಾಳೆಯೂ ಅಲ್ಲೇ ಇರುತ್ತದೆ. ಆದರೂ ಬಹಳ ಜನ ಮೇಲಿನಿಂದ ಕೆಳಗೆ ಪೂರ್ತಿ ಓಡಿಸಿ, ಮತ್ತೆ ಹತ್ತಿ, ಮತ್ತೆ ಪೂರ್ತಿ ಓಡಿಸುತ್ತಾರೆ. ಹಾಗೆ ಮಾಡಿದರೆ ಕಲಿಯುವುದು ನಿಧಾನ. ನಾನು ಒಂದೂವರೆ ಗಂಟೆ ಇದ್ದರೆ ಮೊದಲ ಸುತ್ತು ಮೈ ಬಿಸಿ ಮಾಡಲು ಓಡಿಸುತ್ತೇನೆ. ಆಮೇಲೆ ಐವತ್ತು ಮೀಟರಿನ ಒಂದೇ ತುಣುಕು ಹಿಡಿದು ಎಂಟು ಹತ್ತು ಸಲ ತಳ್ಳಿಕೊಂಡು ಹತ್ತಿ, ಓಡಿಸಿಕೊಂಡು ಇಳಿಯುತ್ತೇನೆ. ಹಿಂದೆ ಬರುವವರಿಗೆ ದಾರಿ ಬಿಡಲು ಅಂಚಿನಿಂದ ಹೊರಗೆ ನಿಲ್ಲಬೇಕು, ನಡೆದು ಹತ್ತುವುದೂ ಟ್ರೇಲಿನ ಹೊರಗಿನಿಂದಲೇ.

ಇಂಥ ಟ್ರೇಲುಗಳಿರುವ ಬೈಕ್ ಪಾರ್ಕುಗಳಲ್ಲಿ ಹೇಳಿಕೊಡುವ ಒಂದು ಕ್ರಮ ಇದೆ. ಮೊದಲ ಸಲ ನಿಧಾನವಾಗಿ ನೋಡುತ್ತಾ ಹೋಗುವುದು, ಎರಡನೇ ಸಲ ಅದನ್ನೇ ಮತ್ತೆ ಓಡಿಸಿ ಗಟ್ಟಿ ಮಾಡಿಕೊಳ್ಳುವುದು, ಆಮೇಲೆ ಬೇಕಾದ ಹಾಗೆ ಓಡಿಸುವುದು. ಜಂಪ್ ಇರುವ ಕಡೆ ಇದನ್ನು ಮೀರಬೇಡಿ. ಮೇಲೆ ಚಪ್ಪಟೆ ಇರುವ ಟೇಬಲ್ ಟಾಪ್ ಆದರೆ ಹಾರದೆ ಉರುಳಿಸಿಕೊಂಡೇ ದಾಟಬಹುದು. ಮಧ್ಯೆ ಖಾಲಿ ಇರುವ ಗ್ಯಾಪ್ ಜಂಪಿನಲ್ಲಿ ಅದು ಆಗುವುದಿಲ್ಲ. ಯಾವುದು ಯಾವುದು ಅಂತ ಮೊದಲ ಸುತ್ತಿನಲ್ಲೇ ನಿಂತು ನೋಡಿ ತಿಳಿದುಕೊಳ್ಳಬೇಕು.

ಮೈಯ ನಿಲುವು ಇಲ್ಲೇ ಹದಕ್ಕೆ ಬರಬೇಕು. ಎರಡು ಪೆಡಲೂ ಸಮಕ್ಕೆ, ಹಿಮ್ಮಡಿ ಸ್ವಲ್ಪ ಕೆಳಗೆ, ಸೊಂಟದಲ್ಲಿ ಬಾಗಿ, ಮೊಣಕೈ ಹೊರಗೆ ಮಡಚಿ, ಗದ್ದ ಹ್ಯಾಂಡಲ್ ಮೇಲೆ ಬರುವಷ್ಟು ಮುಂದೆ. ಸೀಟು ಕೆಳಗೆ ಇಳಿಸಿರಬೇಕು. ಬ್ರೇಕಿನ ಮೇಲೆ ಒಂದೊಂದೇ ಬೆರಳು. ಹೆದರಿಕೆಯಾದಾಗ ಎಲ್ಲರೂ ಹಿಂದಕ್ಕೆ ಸರಿಯುತ್ತಾರೆ. ಹಿಂದಕ್ಕೆ ಸರಿದರೆ ಮುಂದಿನ ಚಕ್ರದ ಮೇಲೆ ಭಾರ ಇರುವುದಿಲ್ಲ. ಭಾರವಿಲ್ಲದ ಚಕ್ರ ಮಾತು ಕೇಳುವುದಿಲ್ಲ. ಭಾರ ಕೈಯಲ್ಲಿ ಅಲ್ಲ, ಪಾದದಲ್ಲಿ ಇರಬೇಕು. ಹ್ಯಾಂಡಲ್ ಹಿಡಿದ ಬೆರಳುಗಳನ್ನು ಒಂದು ಕ್ಷಣ ಪಿಯಾನೋ ನುಡಿಸುವಂತೆ ಆಡಿಸಲು ಆಗುತ್ತದಾ ನೋಡಿ. ಆಡಿಸಲಾದರೆ ನಿಲುವು ಸರಿ ಇದೆ.

ಗೋಡೆ ಇಲ್ಲದ ತಿರುವು

ನಾನು ಬಿದ್ದದ್ದು ಇಲ್ಲೇ, ಅದಕ್ಕೇ ಇದನ್ನು ವಿವರವಾಗಿ ಹೇಳುತ್ತೇನೆ.

ಬಯಲು ಗುಡ್ಡಕ್ಕೆ ನಾನು ಮೊದಲ ಸಲ ಹೋದಾಗ ಬರ್ಮ್‌ಗಳಲ್ಲಿ ಒಳ್ಳೆಯ ವೇಗ ಬಂದಿತ್ತು. ಒಂದು ಹುಲ್ಲಿನ ಇಳಿಜಾರು, ಎಡಕ್ಕೆ ಅಗಲವಾದ ತಿರುವು. ಕಲ್ಲಿಲ್ಲ, ಬೇರಿಲ್ಲ. ಕಾಡಿನಲ್ಲಿ ಹೋಗುವ ಹಾಗೇ ಮೈಯನ್ನೂ ಸೈಕಲನ್ನೂ ಒಟ್ಟಿಗೆ ಒಳಗೆ ವಾಲಿಸಿದೆ. ಬರ್ಮ್‌ನಲ್ಲಿ ಅದು ಸರಿ, ಯಾಕೆಂದರೆ ಗೋಡೆಯೂ ನಮ್ಮ ಜೊತೆ ವಾಲಿರುತ್ತದೆ, ಟೈರು ಅದಕ್ಕೆ ನೇರವಾಗಿ ಒತ್ತಿಕೊಂಡಿರುತ್ತದೆ. ಇಲ್ಲಿ ಗೋಡೆಯೇ ಇಲ್ಲ. ಹುಲ್ಲು ಬೆಳಗಿನ ಇಬ್ಬನಿಯಲ್ಲಿ ಒದ್ದೆಯಾಗಿತ್ತು. ಮುಂದಿನ ಚಕ್ರ ಜಾರಿದ್ದು ಗೊತ್ತಾಗುವ ಮೊದಲೇ ಭುಜ ನೆಲಕ್ಕೆ ಬಡಿದಿತ್ತು. ಕತ್ತಿನ ಕೆಳಗಿನ ಎಲುಬು ಮುರಿಯಿತು. ಏಳು ವಾರ ಸೈಕಲ್ ಮುಟ್ಟಲಿಲ್ಲ.

ಆ ಏಳು ವಾರದಲ್ಲಿ ಅರ್ಥವಾದದ್ದನ್ನು ಆಮೇಲೆ ಒಂದು ಹುಲ್ಲಿನ ಮೈದಾನದಲ್ಲಿ ಅಭ್ಯಾಸ ಮಾಡಿದೆ. ನೀವೂ ಹಾಗೇ ಮಾಡಿ. ಎರಡು ನೀರಿನ ಬಾಟಲಿಗಳನ್ನು ಹದಿನೈದು ಹೆಜ್ಜೆ ದೂರ ಇಟ್ಟು ಎಂಟರ ಆಕಾರದಲ್ಲಿ ಸುತ್ತು ಹಾಕಿ. ತಿರುವಿಗೆ ಮೊದಲೇ ಬ್ರೇಕ್ ಮುಗಿಸಿ, ತಿರುವಿನೊಳಗೆ ಬ್ರೇಕ್ ಬೇಡ. ಎಡಕ್ಕೆ ತಿರುಗುವಾಗ ಬಲಗಾಲಿನ ಪೆಡಲ್ ಕೆಳಗೆ, ಅದರ ಮೇಲೆ ಪೂರ್ತಿ ಭಾರ. ಆಮೇಲೆ ಎಡಗೈಯಿಂದ ಹ್ಯಾಂಡಲನ್ನು ಕೆಳಕ್ಕೆ ಒತ್ತಿ ಸೈಕಲನ್ನು ಮಾತ್ರ ವಾಲಿಸಿ. ಮೈ ನೆಟ್ಟಗೆ, ಸೈಕಲಿನ ಮೇಲ್ಗಡೆಯೇ ಇರಲಿ. ಹೀಗೆ ಮಾಡಿದಾಗ ಟೈರಿನ ಅಂಚಿನ ಗುಬುಟುಗಳು ಮಣ್ಣಿಗೆ ಕಚ್ಚುತ್ತವೆ, ನಮ್ಮ ಭಾರ ಅವುಗಳ ಮೇಲೆ ನೇರ ಬೀಳುತ್ತದೆ. ಜಾರಿದರೂ ನಿಧಾನವಾಗಿ ಜಾರುತ್ತದೆ, ಸರಿಮಾಡಿಕೊಳ್ಳಲು ಸಮಯ ಸಿಗುತ್ತದೆ. ಕಣ್ಣು ತಿರುವಿನ ಕೊನೆಯಲ್ಲಿ ಇರಬೇಕು. ಹೊಕ್ಕುಳ ಕೂಡ ಅತ್ತ ತಿರುಗಬೇಕು ಅಂತ ನಾನು ನೆನಪಿಟ್ಟುಕೊಳ್ಳುತ್ತೇನೆ. ತಲೆ ಮಾತ್ರ ತಿರುಗಿಸಿದರೆ ಸಾಲದು.

ಒಣ ಹುಲ್ಲಿನಲ್ಲಿ ಹತ್ತು ದಿನ, ಒದ್ದೆ ಹುಲ್ಲಿನಲ್ಲಿ ಹತ್ತು ದಿನ. ಇದಕ್ಕಿಂತ ಬೆಲೆಬಾಳುವ ಅಭ್ಯಾಸ ನನಗೆ ಗೊತ್ತಿಲ್ಲ.

ನೆಲ ಓದುವುದು

ಈಗ ಬಕೆಟ್ ಹಿಡಿದ ಹಿರಿಯರನ್ನು ನೆನಪಿಸಿಕೊಳ್ಳಿ. ಬಯಲಿನಲ್ಲಿ ಇಳಿಜಾರಿನ ತುದಿಗೆ ಬಂದು ನಿಂತಾಗ ನಾನು ಮೊದಲು ಕೇಳಿಕೊಳ್ಳುವುದು ನೀರಿನ ಬಗ್ಗೆ. ಮಳೆ ಬಂದಾಗ ಇಲ್ಲಿ ನೀರು ಎಲ್ಲಿ ಓಡಿರುತ್ತದೆ? ದಾರಿ ನೇರ ಕೆಳಗೆ ಬಿದ್ದಿದ್ದರೆ ಮಧ್ಯೆ ಕೊರಕಲು ಇದ್ದೇ ಇರುತ್ತದೆ. ಕೊರಕಲಿನ ತಳದಲ್ಲಿ ಮಣ್ಣು ಕೊಚ್ಚಿಹೋಗಿ ಬಿಡಿ ಕಲ್ಲು ಉಳಿದಿರುತ್ತದೆ. ದಾರಿ ಮಗ್ಗುಲಿಗೆ ಅಡ್ಡ ಹೋಗಿದ್ದರೆ ತಗ್ಗಿನಲ್ಲಿ ಕೆಸರು. ಒಂದು ಇಳಿಜಾರು ಮುಗಿದು ಸಮತಟ್ಟು ಶುರುವಾಗುವ ಕಡೆ ನೀರು ತಂದು ಹಾಕಿದ ಮರಳೋ ಗರಸೋ ಗುಡ್ಡೆ ಬಿದ್ದಿರುತ್ತದೆ. ನಮ್ಮ ವೇಗ ಜಾಸ್ತಿ ಇರುವುದೂ ಅಲ್ಲೇ. ಈ ಮೂರನ್ನು ಕಣ್ಣಿಗೆ ಕಾಣುವ ಮೊದಲೇ ಊಹಿಸಬಹುದು.

ಬಣ್ಣವೂ ಹೇಳುತ್ತದೆ. ಸುತ್ತಲಿನ ಹುಲ್ಲು ಮಾಸಲಾಗಿದ್ದು ಒಂದು ಕಡೆ ಮಾತ್ರ ಕಣ್ಣು ಕುಕ್ಕುವ ಹಸಿರು ಪಾಚಿ ಕಂಡರೆ ಅದು ಜೌಗು. ಗಿಡ್ಡ ಹುಲ್ಲಿನ ಮಧ್ಯೆ ಜೊಂಡು ಎದ್ದಿದ್ದರೆ ಅಲ್ಲೂ ಹಾಗೇ. ಒಂದು ಸಲ ಅಂಥ ಹಸಿರಿಗೆ ಮುಂದಿನ ಚಕ್ರ ಇಟ್ಟಾಗ ಅದು ನಡುವಿನವರೆಗೂ ಮುಳುಗಿ ಸೈಕಲ್ ನಿಂತುಬಿಟ್ಟಿತು. ಒಣಗಿದ ಕಲ್ಲು ತಿಳಿಬಣ್ಣ, ಒದ್ದೆ ಕಲ್ಲು ಕಪ್ಪು. ಒದ್ದೆ ಬೇರು ಮಿರಿಮಿರಿ ಮಿಂಚುತ್ತದೆ.

ಬೇರಿನ ಮೇಲೆ ಬ್ರೇಕ್ ಹಿಡಿಯಬೇಡಿ, ತಿರುಗಿಸಬೇಡಿ, ಪೆಡಲ್ ಜೋರಾಗಿ ತುಳಿಯಬೇಡಿ. ಬೇರಿಗೆ ಸಾಧ್ಯವಾದಷ್ಟು ನೇರವಾಗಿ ಅಡ್ಡ ದಾಟಿ. ಓರೆಯಾಗಿ ಹೋದರೆ ಚಕ್ರ ಬೇರಿನ ಗುಂಟ ಜಾರುತ್ತದೆ. ಬೇರಿಗೆ ಮುಟ್ಟುವ ಕ್ಷಣ ಮೊಣಕಾಲು ಮಡಚಿ ಹಗುರಾದರೆ ಸಾಕು, ಹಾರಬೇಕಾಗಿಲ್ಲ. ಕೊರಕಲಿನಲ್ಲಿ ಚಕ್ರ ಇಳಿದುಬಿಟ್ಟರೆ ಹ್ಯಾಂಡಲ್ ತಿರುಗಿಸಿ ಹೊರಬರಲು ಹೋಗಬೇಡಿ, ಟೈರಿನ ಪಕ್ಕ ಗೋಡೆಗೆ ಉಜ್ಜಿ ಬೀಳಿಸುತ್ತದೆ. ಎರಡು ಪೆಡಲನ್ನೂ ಸಮಕ್ಕೆ ಹಿಡಿದು, ದೂರ ನೋಡುತ್ತಾ ಅದು ಒಯ್ದ ಕಡೆ ಹೋಗಿ. ಆಳ ಕಡಿಮೆಯಾದ ಕಡೆ ಹೊರಬನ್ನಿ.

ವೇಗಕ್ಕೆ ನನ್ನ ಲೆಕ್ಕ ಇಷ್ಟೇ. ಮುಂದೆ ಎಷ್ಟು ದೂರ ನೆಲ ಸ್ಪಷ್ಟ ಕಾಣುತ್ತದೋ ಅದರ ಅರ್ಧದಲ್ಲಿ ನಿಲ್ಲಿಸಲು ಆಗಬೇಕು. ಎತ್ತರದ ಹುಲ್ಲಿನಲ್ಲಿ ನೆಲವೇ ಕಾಣುವುದಿಲ್ಲ, ಅಂದರೆ ನಡಿಗೆಯ ವೇಗ. ಕಟ್ಟಿದ ಟ್ರೇಲಿನಿಂದ ಬಂದವರಿಗೆ ಇದು ಬೇಸರ ಅನ್ನಿಸಬಹುದು. ಆದರೆ ಅಲ್ಲಿ ಕಾಣದ ತಿರುವಿನ ಆಚೆ ಏನಿಲ್ಲ ಅಂತ ಒಬ್ಬರು ನೋಡಿಕೊಂಡಿದ್ದರು. ಇಲ್ಲಿ ತಂತಿಬೇಲಿ ಇರಬಹುದು, ಮಲಗಿದ ಹಸು ಇರಬಹುದು.

ಉದ್ದ ಇಳಿಜಾರಿನಲ್ಲಿ ಬ್ರೇಕನ್ನು ಸದಾ ಅರೆಬರೆ ಹಿಡಿದುಕೊಂಡೇ ಇಳಿಯುವವರಿದ್ದಾರೆ. ಕೈ ಸೋಲುತ್ತದೆ, ಬ್ರೇಕ್ ಕಾದು ಬಿಸಿಯಾಗುತ್ತದೆ. ಹಿಡಿತ ಇರುವ ನೆಲದಲ್ಲಿ ಗಟ್ಟಿಯಾಗಿ ಹಿಡಿದು ವೇಗ ತಗ್ಗಿಸಿ, ಬಿಡಿ ಕಲ್ಲಿನ ಕಡೆ ಬಿಟ್ಟುಬಿಡಿ. ನಿಲ್ಲಿಸುವ ಬಲ ಹೆಚ್ಚು ಬರುವುದು ಮುಂದಿನ ಬ್ರೇಕಿನಿಂದ, ಅದಕ್ಕೆ ಹೆದರಬೇಡಿ, ಆದರೆ ಚಕ್ರ ನೇರ ಇದ್ದಾಗ ಮಾತ್ರ. ಈ ಆಟ ಹುಟ್ಟಿದ್ದೇ ಬ್ರೇಕ್ ಕಾಯಿಸುವ ಇಳಿಜಾರಿನಲ್ಲಿ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಹಳೆಯ ದಪ್ಪ ಟೈರಿನ ಸೈಕಲುಗಳಲ್ಲಿ ಗುಡ್ಡದ ಮಣ್ಣುರಸ್ತೆ ಇಳಿಯುವ ಓಟ ಶುರು ಮಾಡಿದರು. ಸುಮಾರು 400 ಮೀಟರ್ ಇಳಿತ. ಕೆಳಗೆ ಬರುವ ಹೊತ್ತಿಗೆ ಹಿಂದಿನ ಚಕ್ರದ ನಡುಭಾಗದ ಹಬ್ಬಿನೊಳಗಿನ ಬ್ರೇಕ್ ಕಾದು ಗ್ರೀಸ್ ಸುಟ್ಟುಹೋಗುತ್ತಿತ್ತು, ಮತ್ತೆ ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಓಟಕ್ಕೆ ರೀಪ್ಯಾಕ್ ಅಂತ ಹೆಸರು ಬಂತು. ಸೈಕಲಿಗಾಗಿಯೇ ಕಾಡಿನಲ್ಲಿ ಟ್ರೇಲ್ ಕಟ್ಟಿದ್ದು ಆಮೇಲೆ. ವೇಲ್ಸ್‌ನ ಕೋಯ್ಡ್ ಅ ಬ್ರೆನಿನ್ ಕಾಡಿನಲ್ಲಿ ಅದು ಶುರುವಾದದ್ದು 1990ರ ದಶಕದಲ್ಲಿ.

ಏರು, ಹೊತ್ತು, ನಕ್ಷೆ

ಕಾಡಿನ ಟ್ರೇಲಿನಲ್ಲಿ ಏರು ಸುತ್ತಿ ಸುತ್ತಿ ಹೋಗುತ್ತದೆ. ಬಯಲಿನ ದಾರಿ ನಡೆಯುವವರು ಮಾಡಿದ್ದು, ಎಷ್ಟೋ ಕಡೆ ನೆಟ್ಟಗೆ ಮೇಲಕ್ಕೇ ಹತ್ತುತ್ತದೆ. ಸೀಟಿನ ಮೂತಿಗೆ ಸರಿದು ಕುಳಿತು, ಎದೆ ಬಗ್ಗಿಸಿ, ಹಗುರ ಗೇರಿನಲ್ಲಿ ಒಂದೇ ಸಮ ತುಳಿಯಿರಿ. ಎದ್ದು ನಿಂತು ತುಳಿದರೆ ಬಿಡಿ ಕಲ್ಲಿನಲ್ಲಿ ಹಿಂದಿನ ಚಕ್ರ ಸುಮ್ನೆ ತಿರುಗುತ್ತದೆ. ಆಗದಿದ್ದರೆ ಇಳಿದು ತಳ್ಳಿ. ಬಯಲು ಸವಾರಿಯಲ್ಲಿ ತಳ್ಳುವುದೂ ಸವಾರಿಯ ಭಾಗ. ನಡೆಯಲು ಬರುವಂಥ ಶೂ ಹಾಕಿಕೊಂಡು ಹೋಗಿ.

ಹೊತ್ತಿನ ಲೆಕ್ಕ ಬಹಳ ಜನ ತಪ್ಪುತ್ತಾರೆ. ಕಾಡಿನ ಟ್ರೇಲಿನಲ್ಲಿ 18 ಕಿಲೋಮೀಟರ್ ನನಗೆ ಎರಡು ಗಂಟೆಯೊಳಗಿನ ಕೆಲಸ. ಮೊದಲ ಸಲ ಅಷ್ಟೇ ದೂರ, 700 ಮೀಟರ್ ಏರು ಇದ್ದ ಗುಡ್ಡದ ದಾರಿಯಲ್ಲಿ ಹೋದಾಗ ನಾಲ್ಕು ಗಂಟೆ ಹಿಡಿಯಿತು. ಗುಡ್ಡ ಹತ್ತುವವರು ಬಳಸುವ ಹಳೆಯ ಲೆಕ್ಕ ಒಂದಿದೆ, ಸ್ಕಾಟ್ಲೆಂಡಿನ ನೇಸ್ಮಿತ್ 1892ರಲ್ಲಿ ಕೊಟ್ಟದ್ದು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 18 ಕಿಲೋಮೀಟರ್, 700 ಮೀಟರ್ ಏರು ಅಂದರೆ ಸುಮಾರು ನಾಲ್ಕೂಮುಕ್ಕಾಲು ಗಂಟೆ. ಇದು ನಡೆಯುವವರ ಲೆಕ್ಕ. ಆದರೂ ಹೊಸ ಗುಡ್ಡಕ್ಕೆ ನಾನು ಇಷ್ಟೇ ಹೊತ್ತು ಎತ್ತಿಟ್ಟುಕೊಳ್ಳುತ್ತೇನೆ. ಬೇಗ ಮುಗಿದರೆ ನಷ್ಟವೇನಿಲ್ಲ. ಕತ್ತಲಾಗಲು ಎರಡು ಗಂಟೆ ಇರುವಾಗ ಎಲ್ಲಿದ್ದರೂ ಹತ್ತಿರದ ದಾರಿ ಹಿಡಿದು ಇಳಿಯಬೇಕು ಅಂತ ಹೊರಡುವ ಮೊದಲೇ ಜೊತೆಯವರೊಂದಿಗೆ ಮಾತಾಡಿಕೊಳ್ಳಿ.

ನಕ್ಷೆಯಲ್ಲಿ ಎತ್ತರದ ಗೆರೆಗಳನ್ನು ನೋಡಿ. ಗೆರೆಗಳು ಒತ್ತೊತ್ತಾಗಿದ್ದು ದಾರಿ ಅವನ್ನು ನೇರ ಕತ್ತರಿಸಿದರೆ ಅಲ್ಲಿ ಕೊರಕಲು ಇರುತ್ತದೆ. ಗೆರೆಗಳ ಗುಂಟವೇ ದಾರಿ ಹೋದರೆ ಒಳ್ಳೆಯ ಸವಾರಿ. ಫೋನಿನಲ್ಲಿ ನಕ್ಷೆ ಇಳಿಸಿಕೊಂಡಿರಿ, ಆದರೆ ಕಾಗದದ್ದೂ ಒಂದು ಇರಲಿ. ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ.

ಟೈರಿನ ಗಾಳಿ, ಚೀಲದೊಳಗೆ

ಸಸ್ಪೆನ್ಷನ್ ಮುಟ್ಟಬೇಡಿ, ಟೈರಿನ ಗಾಳಿ ಮಾತ್ರ ಬದಲಿಸಿ. ನಾನು 72 ಕಿಲೋ. 2.4 ಇಂಚಿನ ಟ್ಯೂಬ್‌ಲೆಸ್ ಟೈರಿಗೆ ಕಾಡಿನ ಟ್ರೇಲಿನಲ್ಲಿ ಮುಂದೆ 22, ಹಿಂದೆ 25 ಪಿಎಸ್ಐ ಇಡುತ್ತೇನೆ. ಚೂಪು ಕಲ್ಲಿನ ಗುಡ್ಡಕ್ಕೆ ಹಿಂದೆ 27, ಯಾಕೆಂದರೆ ಅಲ್ಲಿ ಟೈರ್ ಕಲ್ಲಿಗೆ ಬಡಿದು ರಿಮ್ ತಾಗಿದರೆ ವಾಪಸ್ ನಡೆಯುವ ದೂರ ಜಾಸ್ತಿ. ಒದ್ದೆ ಹುಲ್ಲಿಗೆ ಮುಂದೆ ಒಂದು ಪಿಎಸ್ಐ ಕಡಿಮೆ. ಗಾಳಿಯ ಅಳತೆ ನೋಡುವ ಪುಟ್ಟ ಗೇಜ್ ಇಟ್ಟುಕೊಂಡು ನಿಮ್ಮ ತೂಕಕ್ಕೆ ಸರಿಯಾದ ಸಂಖ್ಯೆ ಹುಡುಕಿಕೊಳ್ಳಿ.

ಕಾಡಿನ ಟ್ರೇಲಿನಲ್ಲಿ ಸೈಕಲ್ ಕೆಟ್ಟರೆ ಅರ್ಧ ಗಂಟೆ ನಡೆದರೆ ಸಾಕು. ಬಯಲಿನಲ್ಲಿ ಹಾಗಲ್ಲ. ಟೈರಿನ ತೂತಿಗೆ ತುರುಕುವ ಪ್ಲಗ್, ಒಂದು ಟ್ಯೂಬ್, ಪಂಪ್, ಚೈನ್ ಕತ್ತರಿಸುವ ಸಾಧನ ಇರುವ ಮಲ್ಟಿ ಟೂಲ್, ತುಂಡಾದ ಚೈನನ್ನು ಕೂಡಿಸಲು ಅದಕ್ಕೆ ಹೊಂದುವ ಕ್ವಿಕ್ ಲಿಂಕ್, ನಾಲ್ಕು ಜಿಪ್ ಟೈ ಯಾವಾಗಲೂ ಇರಲಿ. ಗೇರು ಬದಲಿಸುವ ಹಿಂದಿನ ಡಿರೇಲರ್ ಸಿಕ್ಕಿಸಿಕೊಂಡಿರುವ ಹ್ಯಾಂಗರ್ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಅದು ಎಷ್ಟೋ ಫ್ರೇಮುಗಳಿಗೆ ಬೇರೆ ಬೇರೆ, ಇನ್ನೊಬ್ಬರದ್ದು ಹೊಂದದೇ ಇರಬಹುದು. ಟೈರಿನ ಪಕ್ಕ ಸೀಳಿದರೆ ಒಳಗಿನಿಂದ ಇಡಲು ಹಳೆಯ ಟೈರಿನ ಒಂದು ತುಂಡು ಸಾಕು. ಗಾಳಿ ತಡೆಯುವ ಜಾಕೆಟ್ ಬಿಸಿಲಿದ್ದರೂ ಬೇಕು. ನೂರು ಮೀಟರ್ ಏರಿದರೆ ಅರ್ಧ ಡಿಗ್ರಿಗಿಂತ ಜಾಸ್ತಿಯೇ ತಣ್ಣಗಾಗುತ್ತದೆ, ಬೆವರಿದ ಮೈಗೆ ಗಾಳಿ ಹೊಡೆದರೆ ನಡುಕ ಬರುತ್ತದೆ.

ಒಂದು ಸೀಟಿಯೂ ಇರಲಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಗುಡ್ಡಗಾಡಿನಲ್ಲಿ ಸಹಾಯ ಕೇಳುವ ಕ್ರಮ ಅದು. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಊದಿ ಉತ್ತರ ಕೊಡುತ್ತಾರೆ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿಯೇ ಹೊರಡಿ.

ಯಾರ ನೆಲ, ಯಾರ ದಾರಿ

ಕಟ್ಟಿದ ಟ್ರೇಲ್ ಸೈಕಲಿಗಾಗಿಯೇ ಇರುವುದು. ಬಯಲು ದಾರಿಯಲ್ಲಿ ನಾವು ಕೊನೆಗೆ ಬಂದವರು. ಕಾನೂನು ಒಂದೊಂದು ಕಡೆ ಒಂದೊಂದು. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಬಯಲಿನಲ್ಲಿ ಸೈಕಲ್ ಓಡಿಸಬಹುದು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಹಾಗಿಲ್ಲ. ಅಲ್ಲಿ ಕುದುರೆ ದಾರಿಗಳಲ್ಲಿ ಸೈಕಲಿಗೆ ಅವಕಾಶ ಸಿಕ್ಕಿದ್ದು 1968ರ ಕಾಯ್ದೆಯಿಂದ, ನಡೆಯುವವರಿಗೂ ಕುದುರೆಯವರಿಗೂ ದಾರಿ ಬಿಡಬೇಕೆಂಬ ಷರತ್ತಿನ ಮೇಲೆ. ಕಾಲುದಾರಿ ಅಂತ ಗುರುತಿಸಿದ ಕಡೆ ಸಾಮಾನ್ಯವಾಗಿ ಆ ಹಕ್ಕಿಲ್ಲ. ಅಮೆರಿಕದಲ್ಲಿ ವೈಲ್ಡರ್‌ನೆಸ್ ಅಂತ ಘೋಷಿಸಿದ ಪ್ರದೇಶಗಳಲ್ಲಿ ಸೈಕಲಿಗೆ ಪ್ರವೇಶವೇ ಇಲ್ಲ. ಹೋಗುವ ಜಾಗದ ನಿಯಮ ಮೊದಲೇ ತಿಳಿದುಕೊಳ್ಳಿ.

ಕಾನೂನಿಗಿಂತ ದಿನನಿತ್ಯ ಬೇಕಾದದ್ದು ನಡವಳಿಕೆ. ಇಳಿಯುವವರು ಏರುವವರಿಗೆ ದಾರಿ ಬಿಡಬೇಕು. ಗೇಟು ತೆಗೆದಿದ್ದರೆ ತೆಗೆದೇ ಇರಲಿ, ಮುಚ್ಚಿದ್ದರೆ ದಾಟಿ ಮುಚ್ಚಿ. ಕುದುರೆ ಎದುರಾದರೆ ನಿಂತು ಮಾತಾಡಿಸಿ. ಮನುಷ್ಯರ ದನಿ ಕೇಳಿದರೆ ಕುದುರೆಗೆ ಗಾಬರಿ ಕಡಿಮೆ. ಕರು, ಮರಿ ಜೊತೆಗಿರುವ ದನಕುರಿಗಳಿಗೆ ದೂರದಿಂದಲೇ ಸುತ್ತು ಹಾಕಿ.

ಇನ್ನು ಕೆಸರು. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಮಳೆಯ ದಿನ ನಾನು ಕಾಡಿನ ಟ್ರೇಲಿಗೇ ಹೋಗುತ್ತೇನೆ. ಜಲ್ಲಿ ಹಾಕಿ, ನೀರು ಹೊರಹೋಗಲು ದಾರಿ ಮಾಡಿ ಕಟ್ಟಿದ ಟ್ರೇಲ್ ಅದನ್ನು ತಾಳುತ್ತದೆ. ಬಯಲಿನ ಮೆತ್ತನೆ ಮಣ್ಣು ತಾಳುವುದಿಲ್ಲ. ಒಂದು ಟೈರಿನ ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. ಸವಾರಿ ಮಧ್ಯೆ ಕೆಸರು ಸಿಕ್ಕರೆ ಪಕ್ಕದ ಹುಲ್ಲಿಗೆ ಏರದೆ ಮಧ್ಯದಲ್ಲೇ ದಾಟಿ, ಬೇಕಾದರೆ ಇಳಿದು ದಾಟಿ. ಪ್ರತಿಯೊಬ್ಬರೂ ಒಂದು ಗೇಣು ಪಕ್ಕಕ್ಕೆ ಸರಿದರೆ ಎರಡಡಿಯ ದಾರಿ ಇಪ್ಪತ್ತಡಿಯ ಗಾಯವಾಗುತ್ತದೆ. ಅಂಥದ್ದನ್ನು ನೋಡಿದ್ದೇನೆ. ಅಲ್ಲಿ ಮತ್ತೆ ಹುಲ್ಲು ಬಂದಿಲ್ಲ.

ಮೊದಲ ಬಯಲು ಸವಾರಿ

ಒಣ ದಿನ ಆರಿಸಿಕೊಳ್ಳಿ. ಕಾಡಿನಲ್ಲಿ ಓಡಿಸುವ ದೂರದ ಅರ್ಧ ಸಾಕು. ಇಬ್ಬರೋ ಮೂವರೋ ಇರಲಿ, ಒಬ್ಬರಿಗಾದರೂ ಆ ಗುಡ್ಡ ಗೊತ್ತಿದ್ದರೆ ಒಳ್ಳೆಯದು. ಸಾಧ್ಯವಾದರೆ ಇಳಿಯುವ ದಾರಿಯಲ್ಲೇ ಹತ್ತಿ. ಹತ್ತುವಾಗ ನಿಧಾನ ಇರುತ್ತೀರಿ, ಯಾವ ಕಲ್ಲು ಅಲುಗುತ್ತದೆ, ಎಲ್ಲಿ ಕೊರಕಲು, ಎಲ್ಲಿ ಜೊಂಡು ಅಂತ ನೋಡಿಕೊಂಡೇ ಹೋಗಬಹುದು. ಇಳಿಯುವ ಮೊದಲು ಅವುಗಳನ್ನು ಜೊತೆಯವರಿಗೆ ಬಾಯಿಬಿಟ್ಟು ಹೇಳಿ. ಮರೆತದ್ದು ಯಾವುದು ಅಂತ ಹೇಳುವಾಗಲೇ ಗೊತ್ತಾಗುತ್ತದೆ. ಮೊದಲ ಇಳಿಜಾರಿನ ಅರ್ಧಕ್ಕೆ ನಿಂತು ಕೈ ಕೊಡವಿ, ತಿರುಗಿ ಮೇಲೆ ನೋಡಿ.

ಮನೆಗೆ ಹೊರಡುವ ಮೊದಲು ಟೈರಿನ ಗುಬುಟುಗಳ ಮಧ್ಯದ ಮಣ್ಣು, ಶೂ ತಳದ ಮಣ್ಣು ಅಲ್ಲೇ ಕಡ್ಡಿಯಿಂದ ತೆಗೆದುಬಿಡಿ. ಒಂದು ಗುಡ್ಡದ ಕಳೆಬೀಜ, ಗಿಡಗಳ ರೋಗ ಮುಂದಿನ ವಾರ ಇನ್ನೊಂದು ಕಾಡಿಗೆ ಹೋಗುವುದು ಈ ಮಣ್ಣಿನ ಜೊತೆಗೇ. ನಾನು ಚೀಲದಲ್ಲಿ ಹಳೆಯ ಪಾತ್ರೆ ಉಜ್ಜುವ ಬ್ರಶ್ ಒಂದನ್ನು ಇಟ್ಟುಕೊಂಡಿದ್ದೇನೆ. ಎರಡು ಚಕ್ರಕ್ಕೂ ಸೇರಿ ಐದು ನಿಮಿಷದ ಕೆಲಸ.